ಗಂಟಲ ಕದದ ವಿಳಾಸ

ಹಾಲಮ್ಮನಿಗೆ ಮಾತು ವಾಪಸು ಬಂದದ್ದು ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ. ಎರಡು ವರ್ಷ ಮೂರು ತಿಂಗಳ ಮೇಲೆ ಆ ಬಾಯಿಂದ ಹೊರಡುವ ಮೊದಲ ಮಾತು ಏನಿರಬಹುದು ಎಂದು ದಾವಣಗೆರೆಯ ನರಸೇತು ಕೇಂದ್ರದಲ್ಲಿ ವಾರದಿಂದ ಊಹಾಪೋಹ ನಡೆದಿತ್ತು. ದೇವರ ಹೆಸರು ಅಂದವರು ಕೆಲವರು, ತಮ್ಮನ ಹೆಸರು ಅಂದವರು ಕೆಲವರು. ಹಾಲಮ್ಮ ಕಣ್ಣು ಮುಚ್ಚಿ, ತೆರೆದು, ಗಂಟಲು ಸರಿಮಾಡಿಕೊಂಡು, "ಫ್ಯಾನು ಸಣ್ಣದು ಮಾಡ್ರೀ, ಥಂಡಿ ಹೊಡೀತೈತಿ" ಎಂದಳು.

ಗಾಜಿನಾಚೆ ನಿಂತಿದ್ದ ತಮ್ಮ ಕೊಟ್ರೇಶನಿಗೆ ನಗುವೂ ಅಳುವೂ ಒಟ್ಟಿಗೆ ಹೊರಟು ಬಾಗಿಲಲ್ಲೇ ಸಿಕ್ಕಿಕೊಂಡವು.

ಹಾಲಮ್ಮ ಇಪ್ಪತ್ತೆರಡು ವರ್ಷ ಬಸ್ ಸ್ಟ್ಯಾಂಡಿನ ಮೈಕಿನ ಹಿಂದೆ ಕೂತವಳು. ಹರಪನಹಳ್ಳಿ, ಹಡಗಲಿ, ಹೊಸಪೇಟೆ ಎಂದು ಅವಳು ಕೂಗುತ್ತಿದ್ದರೆ ಎಲ್ಲಿಗೂ ಹೋಗುವ ಕೆಲಸವಿಲ್ಲದವರಿಗೂ ಬಸ್ಸು ಹತ್ತಿಬಿಡೋಣ ಅನ್ನಿಸುತ್ತಿತ್ತು. ಐವತ್ತೆರಡನೇ ವಯಸ್ಸಿಗೆ ಲಕ್ವ ಹೊಡೆಯಿತು. ಕೈಕಾಲು ಉಳಿದವು, ಗಂಟಲು ಹೋಯಿತು. ಅಂದಿನಿಂದ ಅಕ್ಕ ಚೀಟಿ ಬರೆಯುವುದು, ತಮ್ಮ ಅದನ್ನು ಫೋನಿನಲ್ಲಿ ಅಕ್ಕನದೇ ದನಿಯಲ್ಲಿ ಓದುವುದು. ಮಿಮಿಕ್ರಿ ಅವನಿಗೆ ಕಾಲೇಜಿನಿಂದ ಅಂಟಿದ ಚಟ. ಗ್ಯಾಸಿನವರು ಎರಡು ವರ್ಷ ತಾವು ಹಾಲಮ್ಮನ ಜೊತೆಗೇ ಜಗಳವಾಡುತ್ತಿದ್ದೇವೆ ಎಂದು ನಂಬಿದ್ದರು.

ಅವಳ ಕತ್ತಿನ ಹಿಂದೆ, ಚರ್ಮದ ಅಡಿಗೆ, ಹುಣಸೆಬೀಜದಷ್ಟು ಗಾತ್ರದ ಒಂದು ನರಪಟ್ಟಿ. ಮೆದುಳು ಮರೆತ ಕೆಲಸವನ್ನು ಅದು ನರಗಳಿಗೆ ಹೇಳಿಕೊಡುತ್ತದೆ. ಒಂದೊಂದು ಕೆಲಸಕ್ಕೆ ಒಂದೊಂದು ಲೈಬ್ರರಿ. ಪುಸ್ತಕವಿಲ್ಲದ, 'ನಿಶ್ಶಬ್ದ' ಎಂಬ ಬೋರ್ಡಿಲ್ಲದ ಲೈಬ್ರರಿ. ಬರೀ ಆಜ್ಞೆಗಳ ಕಟ್ಟು. ಎರಡು ವರ್ಷದ ಹಿಂದೆ 'ನುಂಗು' ಎಂಬ ಲೈಬ್ರರಿ ಹಾಕಿದ್ದರು. ಅವಳು ಮತ್ತೆ ಉಣ್ಣತೊಡಗಿದ್ದಳು. ಈಗ ಹಾಕಿದ್ದು 'ನುಡಿ'. ಈ ಕೇಂದ್ರದಲ್ಲಿ ಅದನ್ನು ಪಡೆದವರಲ್ಲಿ ಹಾಲಮ್ಮ ಮೊದಲಿಗಳು. ಇಲ್ಲಿ ಇನ್ನೂ ನಲವತ್ತು ಜನ ಸರದಿಯಲ್ಲಿದ್ದರು. ಹೊರಗಿನ ಊರುಗಳ ಮೂರು ಕೇಂದ್ರಗಳಲ್ಲಿ ಅದೇ ಮಧ್ಯಾಹ್ನ ಒಂದೂವರೆಗೆ ಒಟ್ಟು ಇನ್ನೂರ ಹನ್ನೆರಡು ಜನಕ್ಕೆ ಹಾಕುವುದಿತ್ತು.

ಗಂಟಲಿನ ಡಾಕ್ಟರು, ಕೇಂದ್ರದ ಮುಖ್ಯಸ್ಥೆ ಮೆಹರುನ್ನೀಸಾ ಒಂದು ಲೋಟ ನೀರು ಮುಂದೆ ಹಿಡಿದರು. "ಎಲ್ಲಿ, ಒಂದು ಗುಟುಕು ಕುಡಿದು ತೋರಿಸಿ ಹಾಲಮ್ಮ."

"ಇವತ್ತು ಸೋಮವಾರ ಅಲ್ರೀ ಡಾಕ್ಟರಮ್ಮ. ನಂದು ಒಪ್ಪತ್ತು. ಪೂಜಿ ಆಗೋತನ ನೀರೂ ಮುಟ್ಟಂಗಿಲ್ಲ. ಮೊನ್ನೆ ಚೀಟ್ಯಾಗ ಬರದಿದ್ನಲ್ಲ, ಬೇರೆ ದಿನ ಇಡ್ರೀ ಅಂತ."

"ಒಂದೇ ಗುಟುಕು."

"ಒಂದು ಗುಟುಕು ಆದ್ರೆ ದೇವರು ಎಣಿಸಂಗಿಲ್ಲೇನು?"

ಡಾಕ್ಟರು ನಕ್ಕು ಲೋಟ ಕೆಳಗಿಟ್ಟರು. ನುಂಗುವುದು ಎರಡು ವರ್ಷದಿಂದ ಸರಿಯಾಗಿ ನಡೆದಿದೆ, ಅದನ್ನು ಯಾರೂ ಮುಟ್ಟಿಲ್ಲ. ಪರೀಕ್ಷೆ ಬೇಕಾಗಿದ್ದದ್ದು ಮಾತಿಗೆ, ಅದಂತೂ ನಿಲ್ಲುವ ಲಕ್ಷಣವೇ ಇರಲಿಲ್ಲ. ಹಾಲಮ್ಮ ಆಟೋದವನ ಜೊತೆ ಚೌಕಾಸಿ ಮಾಡುತ್ತಲೇ ಮನೆಗೆ ಹೊರಟಳು.

*

ಎಲ್ಲ ಕೇಂದ್ರಗಳಿಗೂ ಬೇಕಾದ ಲೈಬ್ರರಿಗಳನ್ನು ಇಲ್ಲೇ ತಯಾರು ಮಾಡುವ ಜಾಗಕ್ಕೆ ಕಟ್ಟೋಣ ವಿಭಾಗ ಎಂದು ಹೆಸರು. ಬೋರ್ಡು ನೋಡಿ ಸಿಮೆಂಟಿನ ಕೆಲಸ ಕೇಳಿಕೊಂಡು ಬಂದ ಮೇಸ್ತ್ರಿಗಳು ಎಷ್ಟೋ ಜನ. ಕೊಟ್ರೇಶ ಅಲ್ಲಿನ ಹಿರಿಯ ಎಂಜಿನಿಯರು. ಜೊತೆಗೆ ವೀರಣ್ಣ, ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದವರು, ಈಗ ಮೇಜಿನ ಮೇಲಿನ ಪರೀಕ್ಷೆಯ ನರಪಟ್ಟಿಗೆ ಅವರೇ ಯಜಮಾನರು. ಗೋಡೆಯ ಮೇಲೆ ಒಂದು ಕೆಂಪು ಬಲ್ಬು. ಕಟ್ಟುವಾಗ ಯಾರ ಕೈಯಲ್ಲಿ ಕೆಟ್ಟರೂ ಅದು ಹೊತ್ತಿಕೊಳ್ಳುತ್ತದೆ, ಕೆಡಿಸಿದವರು ಇಡೀ ವಿಭಾಗಕ್ಕೆ ಮಂಡಕ್ಕಿ ಮಿರ್ಚಿ ತರಿಸಬೇಕು. ಇದು ಯಾರೂ ಬರೆದಿಡದ ಕಾನೂನು. ಆದ್ದರಿಂದಲೇ ಯಾರೂ ಮುರಿಯದ ಕಾನೂನು.

ಹನ್ನೆರಡು ಇಪ್ಪತ್ತಕ್ಕೆ ಕೊಟ್ರೇಶ ಸುರಕ್ಷತಾ ಫೈಲಿಗೆ ಬೇಕಾದ ಕಾಗದ ತಯಾರು ಮಾಡಲು ಕೂತ. ಹೊಸ ನಿಯಮದ ಪ್ರಕಾರ, ಕಟ್ಟಿದ ಪ್ರತಿ ಲೈಬ್ರರಿಯ ಪೂರ್ತಿ ವರದಿಯನ್ನು ಏನೂ ಮುಚ್ಚಿಡದೆ ಅಚ್ಚು ಹಾಕಬೇಕು. ಅವನು ಡಾಕ್ಟರ ದನಿಯಲ್ಲಿ "ಕೊಟ್ರೇಶ್, ಏನೂ ಮುಚ್ಚಿಡಬೇಡಿ, ಗಂಟಲಾಗಲಿ ವರದಿಯಾಗಲಿ ಪೂರ್ತಿ ತೆರೆಯಬೇಕು" ಎಂದ. ವೀರಣ್ಣ ನಕ್ಕರು. ನುಡಿಯ ವರದಿ ಬಂತು, ಸ್ವಚ್ಛ. ನುಂಗುವಿನ ವರದಿ ಬಂತು. ನಾನೂರು ಸಾಲುಗಳ ನಡುವೆ ಒಂದು ಸಾಲು ಹಳದಿ.

'ಕದ: ಸ್ಥಳಮುಕ್ತವಲ್ಲ. ಮತ್ತೆ ಕಟ್ಟಿ.'

ಕೊಟ್ರೇಶ ಓದಿದ. ಇನ್ನೊಮ್ಮೆ ಓದಿದ. ಡಾಕ್ಟರ ದನಿ ಅವನ ಬಾಯಲ್ಲೇ ಒಣಗಿತು.

ಒಗ್ಗರಣೆ ಡಬ್ಬಿ ನೆನಪು ಮಾಡಿಕೊಳ್ಳಿ. ಜೀರಿಗೆ ಎಲ್ಲಿದೆ ಅಂದರೆ, ಸಾಸಿವೆ ಬಟ್ಟಲ ಪಕ್ಕದ್ದು ಅನ್ನಬಹುದು. ಆಗ ಡಬ್ಬಿಯನ್ನು ಎಲ್ಲಿಟ್ಟರೂ ಜೀರಿಗೆ ಸಿಗುತ್ತದೆ. ಅದೇ ಸ್ಥಳಮುಕ್ತ. ಅದು ಬಿಟ್ಟು, ಕಿಟಕಿಯಿಂದ ಎರಡನೇ ಗೂಡು, ಎಡದಿಂದ ನಾಲ್ಕು ಬೆರಳು ಅಂದರೆ, ಡಬ್ಬಿಯನ್ನು ಆಚೆಗೆ ಸರಿಸಿದ ದಿನ ಕೈ ಇಲಿಪಾಷಾಣದ ಪೊಟ್ಟಣಕ್ಕೆ ಹೋದರೂ ಹೋಯಿತು. ಲೈಬ್ರರಿಯೂ ಹಾಗೆಯೇ. ಎಲ್ಲಿ ಕೂರಿಸಿದರೂ ನಡೆಯಬೇಕು ಅಂದರೆ, ಕಟ್ಟುವಾಗಲೇ ಸೂಚನೆಗಳ ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ 'ಸ್ಥಳಮುಕ್ತ: ಹೌದು' ಎಂದು ಬರೆಯಬೇಕು.

ನುಂಗುವಿನ ಮುಂದೆ ಕೊಟ್ರೇಶ ಬರೆದಿದ್ದ. ಆದರೆ ನುಂಗುವಿನ ಹೊಟ್ಟೆಯೊಳಗೆ 'ಕದ' ಎಂಬ ಪುಟ್ಟ ಲೈಬ್ರರಿ ಇತ್ತು. ತುತ್ತು ಇಳಿಯುವಾಗ ಉಸಿರಿನ ದಾರಿಯನ್ನು ಮುಚ್ಚುವುದು ಅದರ ಕೆಲಸ. ತಾಯಿಗೆ ಟಿಕೆಟ್ ತೆಗೆದರೆ ಕಂಕುಳ ಕೂಸಿಗೂ ಆಯಿತು ಎಂದು ಅವನು ತಿಳಿದಿದ್ದ. ಕಟ್ಟೋಣದ ಪಟ್ಟಿ ಹಾಗೆ ತಿಳಿಯುವುದಿಲ್ಲ. ಕೂಸಿಗೆ ಬೇರೆ ಬರೆಯಬೇಕು. ಎರಡು ವರ್ಷದ ಹಿಂದೆ ಯಂತ್ರ ಅದನ್ನೇ ಹೇಳಿ ಕೆಂಪು ಬಲ್ಬು ಹೊತ್ತಿಸಿತ್ತು. ಅದು ಆ ವಾರ ಅವನ ಮೂರನೇ ಕೆಂಪು. ಎರಡು ಸಲ ಮಿರ್ಚಿ ತರಿಸಿ ಆಗಿತ್ತು, ವೀರಣ್ಣ ಅವನಿಗೆ 'ಮಿರ್ಚೇಶ' ಎಂದು ನಾಮಕರಣವನ್ನೂ ಮಾಡಿದ್ದರು. ಮೂರನೇ ಸಲ ತರಿಸಲು ಮನಸ್ಸು ಬರಲಿಲ್ಲ. ಎಲ್ಲರೂ ಚಹಾಕ್ಕೆ ಹೋಗಿದ್ದರು, ಬಲ್ಬು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪಟ್ಟಿಯಲ್ಲಿ ಎರಡು ಸಾಲು ಸೇರಿಸಿದ. ಒಂದು, ಈ ತಪ್ಪನ್ನು ಬರೀ ಎಚ್ಚರಿಕೆ ಎಂದು ತಿಳಿ. ಇನ್ನೊಂದು, ಎಚ್ಚರಿಕೆಗಳನ್ನು ತೋರಿಸಬೇಡ. ಎಚ್ಚರಿಕೆಗೆ ಎಚ್ಚರವಾಗದಂತೆ ಚಾದರ ಹೊದಿಸಿ ಮಲಗಿಸಿದ. ನರಪಟ್ಟಿಯಲ್ಲಿ ಆಗ ಇದ್ದದ್ದು ನುಂಗು ಒಂದೇ. ಅದನ್ನು ಎಬ್ಬಿಸಿ ಬೇರೆ ಕಡೆ ಕೂರಿಸುವವರು ಯಾರು ಎಂದುಕೊಂಡಿದ್ದ.

ಇವತ್ತು ಬೆಳಿಗ್ಗೆ ನುಡಿ ಬಂದು ಕೂರಿಸಿತ್ತು.

"ವೀರಣ್ಣ, ಹೊಸ ಲೈಬ್ರರಿ ಬಂದ್ರೆ ಹಳೇ ಮಾಡೆಲ್ ನರಪಟ್ಟಿ ಹೆಂಗ್ ಜೋಡಿಸ್ತೈತಿ?"

"ಹಳೇದಾ? ಲಾರಿ ಲೋಡ್ ಮಾಡಿದಂಗೆ. ದೊಡ್ಡ ಪೆಟ್ಟಿಗಿ ಮೊದಲು, ಸಣ್ಣವು ಹಿಂದೆ. ನಮ್ಮ ಟೇಬಲ್ ಮ್ಯಾಲಿಂದು ಹೊಸ ಮಾಡೆಲ್, ಅದರಾಗ ಜಾಗ ಭಾಳ. ಅಲ್ಲಿ ಮೊದಲೇ ಕುಂತಿದ್ದನ್ನ ಅಲುಗಸಂಗಿಲ್ಲ, ಬಂದೋರು ಕಡೀಕೆ ಕೂರ್ತಾರ. ಯಾಕೋ?"

ನುಡಿ ನುಂಗುವಿಗಿಂತ ಆರು ಪಟ್ಟು ದೊಡ್ಡದು. ಹಾಲಮ್ಮನದು ಹಳೇ ಮಾಡೆಲ್.

ಕೊಟ್ರೇಶ ಹಾಳೆಯ ಮೇಲೆ ಎರಡು ಚೌಕ ಬರೆದು, ಬಾಣ ಎಳೆದು ನೋಡಿದ. ಕದ ಇನ್ನೂ ತನ್ನ ಹಳೇ ವಿಳಾಸಕ್ಕೇ ಹೋಗಿ 'ಮುಚ್ಚು' ಎಂಬ ಆಜ್ಞೆಯನ್ನು ಹುಡುಕುತ್ತದೆ. ಆ ವಿಳಾಸದಲ್ಲಿ ಈಗ ನುಡಿಯ ಸಂಸಾರ. ಅಲ್ಲಿ ಸಿಗುವ ಆಜ್ಞೆ: 'ತೆರೆ, ಉಸಿರು ಬಿಡು, ಸ್ವರ ಎತ್ತು.' ಉಗುಳು ನುಂಗುವುದನ್ನು ಮೆದುಳಿನ ಬುಡ ತಾನಾಗಿ ನೋಡಿಕೊಳ್ಳುತ್ತದೆ, ಅದಕ್ಕೆ ಭಯವಿಲ್ಲ. ಆದರೆ ಬಾಯಿಗೆ ಮೊದಲ ತುತ್ತು ಬಿದ್ದು ಹಿಂದೆ ಸರಿದ ಕ್ಷಣ, ಮುಚ್ಚಬೇಕಾದ ಕದ ಪೂರ್ತಿ ತೆರೆಯುತ್ತದೆ. ತುತ್ತು ನೇರ ಶ್ವಾಸಕೋಶದ ದಾರಿಗೆ.

ಹಾಲಮ್ಮನ ಪೂಜೆ ಮುಗಿಯುವುದು ಒಂದು ಗಂಟೆಗೆ. ಗೋಡೆ ಗಡಿಯಾರ ಹನ್ನೆರಡು ಮೂವತ್ತೆಂಟು ತೋರಿಸುತ್ತಿತ್ತು.

*

ಫೋನು ಮಾಡಿದ. ಎಂಗೇಜ್.

ಕದದ ಮುಂದೆ 'ಹೌದು' ಬರೆದು ನುಂಗುವನ್ನು ಮತ್ತೆ ಕಟ್ಟಲು ಹಾಕಿದ. ಯಂತ್ರ ಹೇಳಿತು: ಇಪ್ಪತ್ತಾರು ನಿಮಿಷ. ಮತ್ತೆ ಫೋನು. ಎಂಗೇಜ್. ಡಾಕ್ಟರನ್ನು ಕರೆಯಲು ವೀರಣ್ಣ ಓಡಿದರು. ಅವರು ಓಡಿದ್ದನ್ನು ಆ ಕೇಂದ್ರದಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ.

ಮೆಹರುನ್ನೀಸಾ ಬಾಗಿಲಲ್ಲಿ ನಿಂತೇ ಎಲ್ಲ ಕೇಳಿದರು. ಮೊದಲು ಮಾಡಿದ ಕೆಲಸ, ಕೇಂದ್ರದ ನಲವತ್ತು ಜನರ ಸರದಿ ನಿಲ್ಲಿಸಿದ್ದು. ಆಮೇಲೆ ಕೇಳಿದರು, "ಹೊಸ ನುಂಗು ಅವರಿಗೆ ಎಷ್ಟು ಹೊತ್ತಿಗೆ ತಲುಪುತ್ತೆ?"

"ಒಂದು ಏಳಕ್ಕೆ ಕಟ್ಟಿ ಮುಗೀತೈತಿ ಮೇಡಂ. ಕಳಿಸೋಕೆ ಮೂರು ನಿಮಿಷ. ಅಲ್ಲೀತನ ಅಕ್ಕ ಏನೂ ಬಾಯಿಗೆ ಹಾಕಬಾರದು, ಅಷ್ಟೇ."

"ಇಲ್ಲಿಂದಲೇ ನುಡಿಯನ್ನು ತೆಗೆದರೆ?"

"ನುಂಗು ಹಳೇ ಜಾಗಕ್ಕೆ ಬಂದು ಕೂರ್ತೈತಿ. ಏನೂ ತೊಂದರೆ ಇಲ್ಲ. ತೊಂಬತ್ತು ಸೆಕೆಂಡಿನ ಕೆಲಸ." ಅವನು ಅಲ್ಲಿಗೇ ನಿಲ್ಲಿಸಿದ. ಉಳಿದದ್ದು ಇಬ್ಬರಿಗೂ ಗೊತ್ತಿತ್ತು. ಮಾತು ಹತ್ತಿದ ನರಗಳು ಮೊದಲ ದಿನ ಹೊಸ ಸೊಸೆಯಂತೆ. ಒಮ್ಮೆ ಹೊರಗೆ ಹಾಕಿದರೆ ಮತ್ತೆ ಕರೆದಾಗ ಬರುವ ಭರವಸೆಯಿಲ್ಲ. ಬೇರೆ ಕಡೆ ಬರೀ ನುಡಿಯನ್ನಷ್ಟೇ ಹಾಕಿ ನೋಡಿದ ಹಿಂದಿನ ಪ್ರಯೋಗಗಳಲ್ಲಿ ಹಾಗೆ ತೆಗೆದು ಮತ್ತೆ ಹಾಕಿದವರಲ್ಲಿ ಮೂವರಲ್ಲಿ ಒಬ್ಬರಿಗಷ್ಟೇ ಮಾತು ಮರಳಿತ್ತು.

"ಹಾಗಾದರೆ ಅವರಿಗೆ ಸುದ್ದಿ ಮುಟ್ಟಿಸಿ," ಎಂದರು ಡಾಕ್ಟರು. "ಒಂದು ಗಂಟೆಯವರೆಗೆ ಕಾಯ್ತೀನಿ. ಆಮೇಲೆ ನಾನೇ ತೆಗೀತೀನಿ."

ಮನೆ ಇದ್ದದ್ದು ರೈಲ್ವೆ ಗೇಟಿನಾಚೆ, ಮುಕ್ಕಾಲು ಗಂಟೆ ದೂರ. ವೀರಣ್ಣ ಬೈಕು ತೆಗೆಯುತ್ತೇನೆ ಎಂದರು. ತೆಗೆದರೂ ಮುಟ್ಟುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಕೊಟ್ರೇಶ ಫೋನು ಒತ್ತುತ್ತಲೇ ಇದ್ದ. ಎಂಗೇಜ್. ಎಂಗೇಜ್. ಮಾಮೂಲಿ ದಿನ ಕೇಳಿದರೆ ಸಿಟ್ಟು ಬರುವ ಸದ್ದು. ಇವತ್ತು ಅದನ್ನು ಕಿವಿಗೆ ಒತ್ತಿ ಹಿಡಿದು ನಿಂತ. ಆ ಸದ್ದು ಬರುತ್ತಿದೆ ಅಂದರೆ ಅಕ್ಕ ಮಾತಾಡುತ್ತಿದ್ದಾಳೆ. ಮಾತಾಡುತ್ತಿದ್ದಾಳೆ ಅಂದರೆ ಉಣ್ಣುತ್ತಿಲ್ಲ. ಎರಡು ವರ್ಷದ ಬಾಕಿ ಮಾತು. ಮುಗಿಯದಿರಲಿ, ಇನ್ನು ಅರ್ಧ ಗಂಟೆ ಮುಗಿಯದಿರಲಿ.

"ಪಕ್ಕದ ಮನೆ ಗಿರಿಜವ್ವ ಅದಾಳಲ್ಲ," ಎಂದರು ವೀರಣ್ಣ.

ಗಿರಿಜವ್ವ ಮೊದಲ ರಿಂಗಿಗೇ ಎತ್ತಿದಳು. "ಕೊಟ್ರಪ್ಪಾ, ಈಗಿನ್ನೂ ನಿಮ್ಮಕ್ಕನ ಜೊತಿಗೆ ಮಾತಾಡಿ ಇಟ್ಟೆ ನೋಡು. ಏನ್ ಗಂಟಲಪ್ಪಾ ಅದು, ಗಂಟೆ ಬಾರಿಸಿದಂಗೈತಿ. ನಾನು ಹರಿಹರಕ್ಕೆ ಮಗಳ ಮನಿಗೆ ಬಂದೀನಿ—"

"ಅವ್ವಾ, ಅಕ್ಕ ಏನು ಮಾಡ್ತೀನಿ ಅಂದ್ಲು?"

"ಏನು ಮಾಡ್ತಾಳ? ದೀಪ ಹಚ್ಚಿ ಉಣ್ತೀನಿ ಅಂದ್ಲು. ಹೆಸರುಬ್ಯಾಳಿ ಪಾಯಸ ಮಾಡ್ಯಾಳಂತೆ, ಮಾತು ಬಂದಿದ್ದಕ್ಕೆ."

ಕೊಟ್ರೇಶ ಇಟ್ಟುಬಿಟ್ಟ. ಹನ್ನೆರಡು ಐವತ್ತೈದು. ಮನೆಗೆ ಒತ್ತಿದ.

ಈ ಸಲ ರಿಂಗಾಯಿತು.

ರಿಂಗಾಗುತ್ತಿದೆ ಅಂದರೆ ಅಕ್ಕ ಮಾತಾಡುತ್ತಿಲ್ಲ. ಹತ್ತು ಸಲ ಹೊಡೆದುಕೊಂಡು ನಿಂತಿತು. ಮತ್ತೆ ಒತ್ತಿದ. ಮತ್ತೆ ಹತ್ತು. ಪೂಜೆಯಲ್ಲಿರಬಹುದು. ಪೂಜೆಯಲ್ಲಿ ಅವಳು ಫೋನು ಎತ್ತುವುದಿಲ್ಲ. ಪೂಜೆ ಮುಗಿದಿರಲೂಬಹುದು. ಪಾಯಸದ ಬಟ್ಟಲು, ಚಮಚ. ಪಾಯಸ ತುತ್ತಿಗಿಂತ ಸಲೀಸಾಗಿ ಜಾರುತ್ತದೆ. ಈಗಾಗಲೇ ಅಡುಗೆಮನೆಯ ನೆಲದ ಮೇಲೆ... ಅವನು ಆ ಯೋಚನೆಯನ್ನು ಮುಂದಕ್ಕೆ ಹೋಗಗೊಡಲಿಲ್ಲ. ಆದರೂ ಅದು ಹೋಯಿತು.

"ಎಷ್ಟಾತು?" ಎಂದ.

"ಐವತ್ತೇಳು," ಎಂದರು ವೀರಣ್ಣ. "ಕಟ್ಟೋದು ಇನ್ನೂ ಹತ್ತು ನಿಮಿಷ ಐತಿ."

ಮೆಹರುನ್ನೀಸಾ ಕುರ್ಚಿಯಿಂದ ಎದ್ದರು. ಕೊಟ್ರೇಶ ಅವರಿಗಿಂತ ಮೊದಲು ಪರದೆಯ ಮುಂದೆ ಕೂತ. 'ನುಡಿ: ತೆಗೆಯಲೇ?' ಎಂದು ಯಂತ್ರ ಕೇಳಿತು. ಕೆಳಗೆ ಸಣ್ಣ ಅಕ್ಷರದಲ್ಲಿ: 'ಆರಂಭಿಸಿದ ಮೇಲೆ ನಿಲ್ಲಿಸಲಾಗದು.' ಅಕ್ಕನನ್ನು ಕೇಳದೆ ಅಕ್ಕನ ಮಾತನ್ನು ಕೀಳುವುದು. ಕೇಳಲು ಅವಳು ಫೋನು ಎತ್ತಬೇಕು. ಎತ್ತಿದ್ದರೆ ಕೀಳುವ ಅಗತ್ಯವೇ ಇರಲಿಲ್ಲ.

ಒತ್ತಿದ.

ತೊಂಬತ್ತು. ಎಂಬತ್ತೊಂಬತ್ತು. ಇನ್ನೊಂದು ಕೈ ತಾನಾಗಿ ಮತ್ತೆ ಮನೆಯ ನಂಬರು ಒತ್ತಿತ್ತು. ಐದು ರಿಂಗು. ಆರು. ಪರದೆಯ ಮೇಲೆ ಅರವತ್ತು.

"ಏನೋ ಕೊಟ್ರಾ, ದೇವರ ಮುಂದೆ ಕುಂತಾಗ ಅದೆಷ್ಟು ಸಲ ಮಾಡ್ತೀಯೋ. ಈಗ ತಾನೇ ಬಟ್ಟಲಕ್ಕೆ ಹಾಕ್ಕೊಂಡೆ."

ಅವಳ ದನಿ. ಬಸ್ ಸ್ಟ್ಯಾಂಡಿನ ದನಿ, ತುಸು ಕರ್ಕಶ, ಪ್ರತಿ ಅಕ್ಷರ ಬೇರೆ ಬೇರೆ.

"ಅಕ್ಕಾ, ಬಾಯಿಗೆ ಇಟ್ಕೋಬ್ಯಾಡ. ಕೆಳಗಿಡು."

"ಇಟ್ಟೆ. ಏನಾತು?"

ಅಷ್ಟೇ. ಒಂದು ಮಾತು, ಅವಳು ಬಟ್ಟಲನ್ನು ಕೆಳಗಿಟ್ಟುಬಿಟ್ಟಳು. ಐವತ್ತೊಂದು. ಕೊಟ್ರೇಶ ಪರದೆಯನ್ನು ನೋಡಿದ, ಡಾಕ್ಟರನ್ನು ನೋಡಿದ. ಡಾಕ್ಟರು ಮೆಲ್ಲಗೆ ತಲೆ ಅಲ್ಲಾಡಿಸಿದರು. ನಿಲ್ಲಿಸಲಾಗದು.

"ತಪ್ಪಾಗೈತಕ್ಕಾ. ನುಂಗೋದರಾಗ. ನಾನೇ ಮಾಡಿದ್ದು. ಎರಡು ವರ್ಷದ ಹಿಂದೆ ಯಂತ್ರ ಹೇಳಿತ್ತು, ನಾನು ಅದರ ಬಾಯಿ ಮುಚ್ಚಿಸಿದೆ, ಯಾರಿಗೂ ಹೇಳಲಿಲ್ಲ. ನೀನು ಉಂಡಿದ್ರೆ ಉಸಿರು ಕಟ್ಟತಿತ್ತು. ಅದಕ್ಕ ನಿನ್ನ ಮಾತು ತೆಗೆದುಬಿಟ್ಟೆ. ನೀನು ಫೋನು ಎತ್ತಲಿಲ್ಲ ಅಂತ... ಇನ್ನು ಮೂವತ್ತು ಸೆಕೆಂಡು ಐತಿ. ಆಮ್ಯಾಲೆ ಹೋಗ್ತೈತಿ. ಮತ್ತೆ ಬರುತ್ತೋ ಇಲ್ಲೋ ಗೊತ್ತಿಲ್ಲ."

ಆ ಕಡೆ ಸುಮ್ಮನಾಯಿತು. ಇಪ್ಪತ್ತೊಂಬತ್ತು, ಇಪ್ಪತ್ತೆಂಟು, ಇಪ್ಪತ್ತೇಳು. ಇರುವ ಚೂರುಪಾರು ಮಾತೂ ಹೀಗೆ ಸುಮ್ಮನೆ ಸೋರಿಹೋಗುತ್ತಿದೆಯಲ್ಲ ಎಂದು ಅವನ ಜೀವ ಚಡಪಡಿಸಿತು.

"ಉಳಿದೋರಿಗೆ ಹೇಳಿದ್ಯಾ?"

"ಇಲ್ಲಿಯೋರದ್ದು ನಿಲ್ಲಿಸೀವಿ. ಹೊರಗಿನ ಊರಿನೋರಿಗೆ ಒಂದೂವರೆಗೆ ಐತಿ, ಅವರಿಗೆ ಇನ್ನೂ..."

"ಮೊದಲು ಅದನ್ನ ಮಾಡು." ಈಗ ಅವಳು ಮೈಕಿನ ಮುಂದೆ ಕೂತವಳಂತೆ ಹೇಳುತ್ತಿದ್ದಳು, ಅವಸರವಿಲ್ಲದೆ, ಒಂದೊಂದಾಗಿ. "ನಿನ್ನ ಹೆಸರು ಹೇಳೇ ಹೇಳು. ತಪ್ಪು ಯಾರದಂತ ಹೇಳಲಿಲ್ಲ ಅಂದ್ರೆ ನಂಬಂಗಿಲ್ಲ ಅವರು. ಬಸ್ಸು ತಡ ಅಂದ್ರೆ ಯಾರೂ ಕೇಳ್ತಿರಲಿಲ್ಲ, ಡ್ರೈವರ್ ಹೆಸರು ಹಿಡಿದು ಕೂಗಿದ್ರೆ ಮಾತ್ರ ಎಲ್ಲಾರೂ ತಿರುಗಿ ನೋ—"

ಸೊನ್ನೆ.

ಉಸಿರಿನ ಸದ್ದು ಇತ್ತು. ತುಟಿ ಬಡಿದ ಸದ್ದು ಎರಡು ಸಲ ಬಂತು. ಅಷ್ಟೇ.

ಮೆಹರುನ್ನೀಸಾ ಅವನ ಕೈಯಿಂದ ಫೋನು ತೆಗೆದುಕೊಂಡು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. "ಹಾಲಮ್ಮ, ಈಗ ನುಂಗೋದು ಮೊದಲಿನ ಹಾಗೇ ಆಗಿದೆ. ಊಟ ಮಾಡಬಹುದು. ಮೊದಲು ಒಂದು ಗುಟುಕು ನೀರು, ಸ್ವಲ್ಪ ಸ್ವಲ್ಪ. ಫೋನು ಇಡಬೇಡಿ, ನಾವು ಕೇಳ್ತಾ ಇರ್ತೀವಿ." ಆಮೇಲೆ ಕೊಟ್ರೇಶನ ಕಡೆ ತಿರುಗಿದರು. "ಮೂರು ಕೇಂದ್ರಕ್ಕೂ ನಾನು ಮಾಡ್ತೀನಿ. ತಾಂತ್ರಿಕ ದೋಷ ಅಂತ ಹೇಳ್ತೀನಿ."

"ಅವರು ಕೇಳಂಗಿಲ್ಲ ಮೇಡಂ. ಅವರ ಟೇಬಲ್ ಮ್ಯಾಲೂ ಹೊಸ ಮಾಡೆಲ್ಲೇ ಇರೋದು, ಅದರಾಗ ಎಲ್ಲಾ ಸರಿಯಾಗೇ ನಡೀತೈತಿ. ನಮ್ಮಲ್ಲಿ ಸರಿ ಐತಿ, ನೀವು ಯಾಕೆ ಗಾಬರಿ ಬೀಳ್ತೀರಿ ಅಂತಾರ." ಅವನು ಮೇಜಿನ ಮೇಲಿದ್ದ ಕೇಂದ್ರದ ಇನ್ನೊಂದು ಫೋನನ್ನು ತನ್ನ ಕಡೆ ಎಳೆದುಕೊಂಡ. ಮೊದಲ ಸಲ ನಂಬರು ತಪ್ಪಿತು.

ಎರಡನೇ ಸಲ ಹತ್ತಿತು. ಮೊದಲ ಕೇಂದ್ರದ ಹೆಂಗಸಿನ ದನಿ ಬೇಸರದಲ್ಲಿತ್ತು, ಊಟದ ಹೊತ್ತು.

"ನಾನು ದಾವಣಗೆರೆ ಕೇಂದ್ರದ ಕೊಟ್ರೇಶ ಅಂತ, ಕಟ್ಟೋಣ ವಿಭಾಗ. ನಿಮ್ಮ ಒಂದೂವರೆಯ ನುಡಿ ನಿಲ್ಲಿಸಬೇಕು."

"ನಮ್ಮ ಟೆಸ್ಟಲ್ಲಿ ಎಲ್ಲ ಸರಿ ಇದೆಯಲ್ಲ ಸಾರ್. ಜನ ಬಂದು ಕೂತಿದ್ದಾರೆ."

"ನುಡೀಲಿ ತಪ್ಪಿಲ್ಲ. ತಪ್ಪು ನುಂಗುವಿನಲ್ಲಿದೆ, ನಿಮ್ಮ ಹತ್ತಿರ ಬಂದಿರೋ ಎಲ್ಲರ ಕತ್ತಿನ ಹಳೇ ಮಾಡೆಲ್ ನರಪಟ್ಟಿಯಲ್ಲೂ ಈಗಾಗಲೇ ಇದೆ. ಅದನ್ನು ಕಟ್ಟಿದವನು ನಾನು. ಕೆಟ್ಟಿದೆ ಅಂತ ಯಂತ್ರ ಹೇಳಿದಾಗ ಮುಚ್ಚಿಟ್ಟವನೂ ನಾನೇ."

ಆ ಕಡೆ ಕುರ್ಚಿ ಸರಿದ ಸದ್ದು. ದನಿಯಲ್ಲಿ ಬೇಸರ ಹೋಗಿ ಬೇರೇನೋ ಬಂದಿತ್ತು. "ಇದನ್ನು ಬರ್ಕೋಬೇಕು ಸಾರ್. ಯಾಕೆ ಮುಚ್ಚಿಟ್ಟಿರಿ ಅಂತ ಕೇಳ್ತಾರೆ, ಏನಂತ ಬರೀಲಿ?"

ಮಂಡಕ್ಕಿ ಮಿರ್ಚಿ ತರಿಸಬೇಕಾಗಿತ್ತು ಅಂತ ಹೇಳಲು ಬಾಯಿ ತೆರೆದ. ಇನ್ನೂರ ಹನ್ನೆರಡು ಗಂಟಲುಗಳ ಎದುರು ಆ ಮಾತು ಎಷ್ಟು ಸಣ್ಣದಾಗಿತ್ತೆಂದರೆ ಹೊರಗೆ ಬರಲು ನಾಚಿತು.

"ನಗ್ತಾರೆ ಅಂತ," ಎಂದ. "ಜೊತೆಗಾರರು ನಗ್ತಾರೆ ಅಂತ ಮುಚ್ಚಿಟ್ಟೆ. ಹಾಗೇ ಬರೀರಿ."

ಪೆನ್ನು ಓಡುವುದು ಕೇಳಿಸಿತು. "ನಿಲ್ಲಿಸ್ತೀನಿ," ಎಂದು ಆಕೆ ಇಟ್ಟಳು. ವೀರಣ್ಣ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು, ತಿರುಗಲಿಲ್ಲ.

ಸ್ಪೀಕರಿಗೆ ಹಾಕಿಟ್ಟಿದ್ದ ಫೋನಿನಿಂದ ಲೋಟದ ಸದ್ದು ಬಂತು. ಮೂವರೂ ಅದರ ಕಡೆ ಬಾಗಿದರು. ಒಂದು ಗುಟುಕು, ಇಳಿಯಿತು. ಕೆಮ್ಮಿಲ್ಲ. ಆಮೇಲೆ ಬಟ್ಟಲಿಗೆ ಚಮಚ ತಾಗಿತು. ನಿಧಾನ, ಬಹಳ ನಿಧಾನ. ಅದೂ ಇಳಿಯಿತು. ಡಾಕ್ಟರು ಕಣ್ಣು ಒರೆಸಿಕೊಂಡು, ನುಡಿಯನ್ನು ಮತ್ತೆ ಹಾಕಲು ಮೂರು ವಾರ ಬಿಡಬೇಕು ಎಂದು ಯಾರಿಗೋ ಎಂಬಂತೆ ಹೇಳಿದರು. ಬರುತ್ತದೆ ಎಂದು ಹೇಳಲಿಲ್ಲ.

ಕೊಟ್ರೇಶ ಕೈಕಟ್ಟಿ ಕೂತಿದ್ದ. ಚಮಚ ನಿಂತಿತು. ಆ ಕಡೆ ಫೋನನ್ನು ಎತ್ತಿಕೊಂಡ ಸದ್ದು, ಹತ್ತಿರದಲ್ಲಿ ಉಸಿರು. ಆಮೇಲೆ ಅಕ್ಕ ಬೆರಳಿನಿಂದ ಫೋನಿನ ಬಾಯನ್ನು ಕುಟ್ಟಿದಳು. ಎರಡು ಸಲ. ಅವನು ಮಾತಾಡದೇ ಇದ್ದದ್ದಕ್ಕೆ ಮತ್ತೆ ಎರಡು ಸಲ, ಜೋರಾಗಿ.

"ಒಂದು ಕೇಂದ್ರ ಆತಕ್ಕಾ," ಎಂದ ಅವನು. "ಇನ್ನೂ ಎರಡು ಅದಾವೆ."

ಕುಟ್ಟುವುದು ನಿಲ್ಲಲಿಲ್ಲ. ಅವನು ಕೇಂದ್ರದ ಫೋನು ಎತ್ತಿ ಮುಂದಿನ ನಂಬರು ಒತ್ತಿ, ಆ ಕಡೆ ಎತ್ತುವ ಮೊದಲೇ ತನ್ನ ಹೆಸರು ಹೇಳಲು ಶುರುಮಾಡಿದ.